ನೆಲಮಾಳಿಗೆಯ ಹೊಗೆಗೆ ದಾರಿ ಬಿಟ್ಟವರು

ಬೀದರಿನ ಮಹಮೂದ್ ಗವಾನ್ ಮದರಸಾದ ಒಂದು ಮಗ್ಗುಲು ಇಂದಿಗೂ ಬೋಳು. 17ನೇ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕುಸಿದದ್ದು ಎನ್ನುತ್ತದೆ ಊರು. ಓದುವ ಜಾಗದಲ್ಲಿ ಮದ್ದು ಪೇರಿಸಿದವರನ್ನು ನೋಡಿ ನಗೋಣವೇ? ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೊಮ್ಮೆ ಇಳಿದರೆ ಸಾಕು: ಮೆಟ್ಟಿಲ ಕೆಳಗೆ ಹಳೆ ಹಾಸಿಗೆ, ಪೇಂಟ್ ಡಬ್ಬಿ, ಪಕ್ಕದಲ್ಲೇ ಚಾರ್ಜಿಗೆ ಹಾಕಿದ ಸ್ಕೂಟರ್.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಆಶಯ ಸರಳ. ಬೇಸ್‌ಮೆಂಟಿನ ಹೊಗೆ ಮೇಲಿನ ಮಹಡಿಗಳವರು ಇಳಿದುಬರುವ ದಾರಿಗೆ ಅಡ್ಡ ಬರಬಾರದು. ಅದಕ್ಕೇ ಬೇಸ್‌ಮೆಂಟಿನ ಮೆಟ್ಟಿಲಿಗೆ ಬೆಂಕಿ ತಡೆಯುವ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕು.

ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರಂದು ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ. ಸತ್ತ ಸುಮಾರು 90 ಮಂದಿಯಲ್ಲಿ ಹೆಚ್ಚಿನವರು ಮೇಲಿನ ವಾರ್ಡುಗಳಲ್ಲಿ ಹೊಗೆ ಕುಡಿದವರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಹೊತ್ತಿದ ಬೆಂಕಿಯಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಹೊಗೆಗೆ ಕೊಳವೆಯಾದದ್ದು ವಿದ್ಯುತ್ ಕೇಬಲ್‌ಗಳ ಶಾಫ್ಟ್. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಮೆಟ್ಟಿಲ ಬಾವಿ ತೆರೆದೇ ಇದ್ದರೆ ಅದೂ ಅಂಥದೇ ಚಿಮಣಿ.

ಸಾಯಗಾಂವದಂಥ ಹಳ್ಳಿಯ ಅಂಗಳದ ಮನೆಯಲ್ಲಿ ಬೆಳೆದವರಿಗೆ ಹೊರಗೋಡುವ ದಾರಿಯ ಚಿಂತೆಯೇ ಇರಲಿಲ್ಲ. ಅವರೇ ಬೀದರಿಗೋ ಹೈದರಾಬಾದಿಗೋ ಫ್ಲಾಟ್ ನೋಡಲು ಹೋದಾಗ ವಾಸ್ತು ಕೇಳುತ್ತಾರೆ, ಟೈಲ್ಸ್ ತಟ್ಟಿ ನೋಡುತ್ತಾರೆ. ಬೇಸ್‌ಮೆಂಟಿನ ಮೆಟ್ಟಿಲು ನೇರ ಮೇಲಕ್ಕೇ ಹೋಗುತ್ತದೆಯೇ ಎಂದು ಕೇಳುವವರು ವಿರಳ.

ಅನುಮತಿ ಪತ್ರ ಕೊಡುವವರೂ ನಕ್ಷೆಯ ಮೇಲೆ ಕಣ್ಣಾಡಿಸಿದರೆ ಸಾಲದು. ವರ್ಷಕ್ಕೊಮ್ಮೆ ಇಳಿದು ನೋಡಬೇಕು. ನಕ್ಷೆಯಲ್ಲಿ ಬೆಂಕಿ ತಡೆವ ಬಾಗಿಲು ಇರುತ್ತದೆ. ಅದು ಮುಚ್ಚದಂತೆ ಯಾರೋ ಒತ್ತಿಟ್ಟ ಇಟ್ಟಿಗೆ ಇರುವುದಿಲ್ಲ.