ಸದ್ದಿಗೊಂದು ಹೆಸರು

ತೊಟ್ಟಿಲ ಮಗು ಅತ್ತರೆ ಅದರ ಅರ್ಥ ತಾಯಿಗೆ ಒಡನೆಯೇ ತಿಳಿಯುತ್ತದೆ. ಹಸಿವಿನ ಅಳು ಬೇರೆ, ಹಟದ ಅಳು ಬೇರೆ, ಹೊಟ್ಟೆನೋವಿನ ಅಳು ಬೇರೆ. ಕಾರಿನ ವಿಷಯದಲ್ಲಿಯೂ ಇಂಥದೊಂದು ವಿವೇಕ ಬೇಕೆಂಬುದು ನನಗೆ ಗೊತ್ತಾದುದು ತೀರ ಈಚೆಗೆ. ಅದೂ ನನ್ನ ತಾಯಿಯಿಂದಲೇ.

ಎರಡು ವರ್ಷಗಳ ಹಿಂದೆ ಒಂದು ಹಳೆಯ ಕಾರನ್ನು ಕೊಂಡೆ. ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯಲ್ಲಿ ಅದು ಮೌನವ್ರತ ಹಿಡಿದ ಮುನಿಯಂತೆ ಸಾಗುತ್ತದೆ. ಟಿ. ಬೇಗೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ತ್ಯಾಮಗೊಂಡ್ಲಿನ ದಾರಿಗೆ ತಿರುಗಿದೊಡನೆ ವ್ರತಭಂಗವಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸದ್ದು, ಬಾಗಿಲಲ್ಲಿ ಮತ್ತೊಂದು, ಡಿಕ್ಕಿಯಲ್ಲಿ ಮಗುದೊಂದು. ಊರಿನಲ್ಲಿರುವ ತಾಯಿಯನ್ನು ನೋಡಲು ಆಗಾಗ ಹೋಗಿಬರುವ ನನಗೆ ಈ ಪಕ್ಕವಾದ್ಯ ತಪ್ಪಿದ್ದಲ್ಲ. ನಾನು ಮಾಡುತ್ತಿದ್ದ ಚಿಕಿತ್ಸೆಯೂ ಸರಳವಾದುದೇ: ಕಂಡ ಸಂದಿಗೆಲ್ಲ ಹತ್ತಿ ತುರುಕುವುದು, ಬಾಗಿಲಿನ ರಬ್ಬರಿಗೆ ಕೈಗೆ ಸಿಕ್ಕಿದ ಎಣ್ಣೆ ಸವರುವುದು, ಅದಕ್ಕೂ ಬಗ್ಗದಿದ್ದರೆ ರೇಡಿಯೋವನ್ನು ಗಟ್ಟಿಯಾಗಿ ಹಾಕುವುದು.

ಕಳೆದ ತಿಂಗಳು ತಾಯಿ, ಹೆಂಡತಿ, ಮಕ್ಕಳೊಡನೆ ಘಾಟಿ ಸುಬ್ರಹ್ಮಣ್ಯಕ್ಕೆಂದು ತ್ಯಾಮಗೊಂಡ್ಲಿನಿಂದ ಹೊರಟೆ. ತಾಯಿ ಮುಂದಿನ ಆಸನದಲ್ಲಿದ್ದರು. ಊರು ದಾಟುವ ಮೊದಲೇ, “ಆ ರೇಡಿಯೋ ಸ್ವಲ್ಪ ನಿಲ್ಲಿಸಪ್ಪ,” ಎಂದರು. ನಿಲ್ಲಿಸಿದೆ. ಎರಡು ಹಳ್ಳಗಳನ್ನು ದಾಟುವವರೆಗೆ ತಲೆ ವಾಲಿಸಿ ಕೇಳಿ, “ಇದು ಮೇಲಿನ ಸದ್ದಲ್ಲ ಕಣೋ. ನನ್ನ ಕಾಲಡಿಯಿಂದ ಬರ್ತಾ ಇದೆ. ಯಾರಿಗಾದರೂ ತೋರಿಸಿ ಆಮೇಲೆ ಹೋಗೋಣ,” ಎಂದರು. ಮಕ್ಕಳ ಮುಖ ಬಾಡಿತು. ನಾನು ಗೊಣಗುತ್ತಲೇ ಕಾರನ್ನು ಊರಿನ ಗ್ಯಾರೇಜಿಗೆ ತಿರುಗಿಸಿದೆ.

ಗ್ಯಾರೇಜಿನ ಯಜಮಾನರು ವಯಸ್ಸಾದವರು. “ವಾಹನದಲ್ಲಿ ಏನೋ ಕರ್ಕಶ ಧ್ವನಿ ಉಂಟಾಗುತ್ತಿದೆ,” ಎಂದೆ. ಅವರು ನಕ್ಕು, “ಮೇಷ್ಟ್ರೇ, ಅಂಗಂದ್ರೆ ನಂಗೊತ್ತಾಗಕಿಲ್ಲ. ಸದ್ದು ಹೆಂಗೆ ಬರ್ತೈತೆ, ಬಾಯಲ್ಲಿ ಅಂದು ತೋರ್ಸಿ,” ಎಂದರು.

ವಾಚಕರೇ, ‘ಪಟಪಟ’, ‘ಚಟಚಟ’ ಮೊದಲಾದ ಅನುಕರಣಾವ್ಯಯಗಳನ್ನು ಎಷ್ಟೋ ವರ್ಷಗಳಿಂದ ಕರಿಹಲಗೆಯ ಮೇಲೆ ಬರೆದವನು ನಾನು. ಅವುಗಳಿಂದ ಲೋಕಕ್ಕೊಂದು ಪ್ರಯೋಜನವಿದೆಯೆಂದು ಅಂದೇ ತಿಳಿದದ್ದು. ಡ್ಯಾಶ್‌ಬೋರ್ಡಿನಲ್ಲಿ ‘ಕಟಕಟ’, ಬಾಗಿಲಲ್ಲಿ ‘ಕಿರ್ ಕಿರ್’, ಕಾಲಡಿಯಲ್ಲಿ ‘ಧಡ್ ಧಡ್’ ಎಂದು ಒಪ್ಪಿಸಿದೆ. ಮೂರನೆಯದನ್ನು ಕೇಳಿದೊಡನೆ ಅವರ ನಗೆ ನಿಂತಿತು. ಜಾಕಿಯಿಂದ ಮುಂದಿನ ಚಕ್ರವನ್ನೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದರು. ಚಕ್ರವು ಸಡಿಲವಾದ ಹಲ್ಲಿನಂತೆ ಆಡಿತು. ಕೆಳಗಿನ ಬಾಲ್ ಜಾಯಿಂಟು ಸವೆದುಹೋಗಿತ್ತು. ಅದು ಕಳಚಿದರೆ ಚಕ್ರ ಪಕ್ಕಕ್ಕೆ ಮಡಿಚಿಕೊಳ್ಳುತ್ತದೆ, ಸ್ಟಿಯರಿಂಗು ಕೈಗೆ ಸಿಕ್ಕದು. “ಇದ್ನ ಇಟ್ಕೊಂಡು ಮಕ್ಳು ಕರ್ಕೊಂಡು ಹೊಂಟಿದ್ರಾ?” ಎಂದಾಗ ನಾನು ತಲೆಯೆತ್ತಲಿಲ್ಲ. ಹಿಂದೆ ತಿರುಗಿ ಮಕ್ಕಳನ್ನು ನೋಡುವ ಧೈರ್ಯವೂ ಆಗಲಿಲ್ಲ.

ನೆಲಮಂಗಲದಿಂದ ಹೊಸ ಜಾಯಿಂಟು ಬರುವವರೆಗೆ ಉಳಿದೆರಡು ಸದ್ದುಗಳ ಪಾಠ ನಡೆಯಿತು. ‘ಕಟಕಟ’ ಎಂಬುದು ಬಿಗಿ ತಪ್ಪಿದ ಎರಡು ಗಟ್ಟಿ ವಸ್ತುಗಳು ಒಂದನ್ನೊಂದು ಬಡಿಯುವ ಸದ್ದು. ‘ಕಿರ್ ಕಿರ್’ ಎಂಬುದು ಒತ್ತಿಕೊಂಡಿರುವ ಎರಡು ಮೈಗಳು ಅಂಟಿ, ಜಾರಿ, ಮತ್ತೆ ಅಂಟುವ ಸದ್ದು. ಬೆಳಗ್ಗೆ ಇದ್ದ ಸದ್ದು ಮಧ್ಯಾಹ್ನ ಮಾಯವಾಗುವುದಕ್ಕೆ ಬಿಸಿಲೇ ಕಾರಣ. ಒಂದು ಮೀಟರು ಉದ್ದದ ಉಕ್ಕು 30 ಡಿಗ್ರಿಯಷ್ಟು ಕಾದರೆ ಸುಮಾರು 0.36 ಮಿಲಿಮೀಟರು ಹಿಗ್ಗುತ್ತದೆ. ಪ್ಲಾಸ್ಟಿಕ್ಕು ಅದರ ಹಲವು ಪಟ್ಟು ಹಿಗ್ಗುತ್ತದೆ. ಹೀಗಾಗಿ ಎರಡರ ನಡುವಿನ ಸಂದಿ ಹೊತ್ತಿಗೊಂದು ಅಳತೆಯಾಗುತ್ತದೆ.

ಸದ್ದನ್ನು ಹುಡುಕುವ ಕ್ರಮವೂ ಸುಲಭವಾದುದು. ಮೊದಲು ಕಾರನ್ನು ಬರಿದು ಮಾಡಬೇಕು. ಬಾಗಿಲಿನ ಚೀಲದ ಚಿಲ್ಲರೆ ಕಾಸು, ಆಸನದಡಿಯ ಬಾಟಲಿ, ಡಿಕ್ಕಿಯಲ್ಲಿ ಸಡಿಲವಾದ ಜಾಕಿ, ಖಾಲಿ ಆಸನದ ಬಳಿ ತೂಗಾಡಿ ಪ್ಲಾಸ್ಟಿಕ್ಕಿಗೆ ಬಡಿಯುವ ಬೆಲ್ಟಿನ ಕೊಂಡಿ, ಇವೇ ಎಷ್ಟೋ ಸಲ ಅಪರಾಧಿಗಳು. ಬಳಿಕ ಇನ್ನೊಬ್ಬರಿಗೆ ಚಕ್ರ ಒಪ್ಪಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗುತ್ತ, ನಾವು ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತಿ ನೋಡಬೇಕು. ಒತ್ತಿದಾಗ ಸದ್ದು ಎಲ್ಲಿ ನಿಲ್ಲುವುದೋ ಅಲ್ಲಿಯೇ ಅದರ ಮೂಲ. ಮುರಿದ ಕ್ಲಿಪ್ಪನ್ನು ಬದಲಿಸಿ, ಸಡಿಲವಾದ ಸ್ಕ್ರೂ ಬಿಗಿದು, ತಾಗುವೆಡೆಗೆ ಫೆಲ್ಟಿನ ಪಟ್ಟಿ ಅಂಟಿಸಿದರೆ ಸಾಕು. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಲೇಪವೇ ತಕ್ಕದ್ದು. ಇಂಜಿನ್ ಎಣ್ಣೆ, ಸೀಮೆಎಣ್ಣೆಗಳು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಏರ್‌ಬ್ಯಾಗು ಇರುವ ಕಡೆ ಏನನ್ನೂ ತುರುಕಲಾಗದು. ಚಕ್ರದ ಕಡೆಯಿಂದ, ಕಾಲಡಿಯಿಂದ, ಬ್ರೇಕು ಒತ್ತಿದಾಗ ಬರುವ ಸದ್ದಿಗೆ ಮಾತ್ರ ಮನೆಮದ್ದು ಸಲ್ಲದು. ಅದನ್ನು ಆ ದಿನವೇ ಬಲ್ಲವರಿಗೆ ತೋರಿಸಬೇಕು.

ತ್ಯಾಮಗೊಂಡ್ಲಿಗೆ ಸಮೀಪದ ಮಣ್ಣೆ ಒಮ್ಮೆ ಗಂಗರ ಮಾನ್ಯಪುರವಾಗಿತ್ತು. ಎಂಟನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಶ್ರೀಪುರುಷನು ‘ಗಜಶಾಸ್ತ್ರ’ವನ್ನು ರಚಿಸಿದನೆಂದು ಇತಿಹಾಸ ಹೇಳುತ್ತದೆ. ತಾನೇರುವ ಆನೆಯ ಸ್ವಭಾವವನ್ನು ಗ್ರಂಥ ಬರೆಯುವಷ್ಟು ಬಲ್ಲ ದೊರೆಯ ನೆಲದಲ್ಲಿ ನಿಂತು, ನಾನು ನನ್ನ ವಾಹನದ ನರಳಾಟವನ್ನು ರೇಡಿಯೋದ ಹಾಡಿನಿಂದ ಮುಚ್ಚುತ್ತಿದ್ದೆನಲ್ಲ!

ಘಾಟಿಗೆ ಮುಂದಿನ ಭಾನುವಾರ ಹೋಗಿಬಂದೆವು. ಬಾಗಿಲಿನ ‘ಕಿರ್ ಕಿರ್’ ಇನ್ನೂ ಪೂರ್ತಿ ಹೋಗಿಲ್ಲ. ರೇಡಿಯೋ ಹಾಕಲೇ ಎಂದು ತಾಯಿಯನ್ನು ಕೇಳಿದೆ. “ಬೇಡ, ಬಿಡು. ಅದೇನು ಹೇಳುತ್ತೆ ಅಂತ ಈಗ ಗೊತ್ತಲ್ಲ,” ಎಂದು ಅವರು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದರು.