ಮಾದರಿ ಕೇಳುವ ಮೊದಲು ಮಾಹಿತಿ ಕೊಡಿ

ಸ್ತನ ಕ್ಯಾನ್ಸರ್ ರೋಗಿಗಳ 480 ಅಂಗಾಂಶ ಮಾದರಿಗಳ ವಂಶವಾಹಿ ವಿಶ್ಲೇಷಣೆಯನ್ನು ಆಧರಿಸಿದ ‘ಭಾರತ್ ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಅನ್ನು ಐಐಟಿ ಮದ್ರಾಸ್ 2025ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದೆ. ಪ್ರಯತ್ನ ಸ್ವಾಗತಾರ್ಹ. ಆದರೆ ಇಂತಹ ಸಂಶೋಧನೆಗೆ ಮಹಾನಗರಗಳ ಮಾದರಿಗಳಷ್ಟೇ ಸಿಕ್ಕರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗರು ಅದರ ಲೆಕ್ಕಕ್ಕೇ ಬರುವುದಿಲ್ಲ; ಮುಂದೆ ಬರುವ ಪರೀಕ್ಷೆ, ಔಷಧಗಳು ಅವರಿಗೆ ಎಷ್ಟು ಹೊಂದುತ್ತವೆ ಎಂಬುದೂ ತಿಳಿಯದೆ ಉಳಿಯುತ್ತದೆ.

ಹಾಗೆಂದು, ಶಸ್ತ್ರಚಿಕಿತ್ಸೆಗೆ ಮುನ್ನ ಭಯದಲ್ಲಿರುವ ರೋಗಿಯಿಂದ ಇಂಗ್ಲಿಷ್ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಾದರಿ ಪಡೆದರೆ ಅದು ದಾನವಲ್ಲ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಗೆಡ್ಡೆಯ ಜೀವಕೋಶಗಳನ್ನು ಅವರನ್ನು ಕೇಳದೆಯೇ ಸಂಶೋಧನೆಗೆ ಬಳಸಲಾಯಿತು. ಅಂತಹ ಅನ್ಯಾಯ ಇಲ್ಲಿ ನಡೆಯಕೂಡದು. ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ, ಓದುಬರಹ ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ, ಒಪ್ಪಿಗೆ ಹಿಂಪಡೆಯುವ ಹಕ್ಕು ಇವೆಲ್ಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇವೆ. ಮಾದರಿ ಕೊಡಲು ನಿರಾಕರಿಸಿದರೂ ಚಿಕಿತ್ಸೆಗೆ ಧಕ್ಕೆಯಿಲ್ಲ ಎಂಬುದನ್ನು ಆಶಾ ಕಾರ್ಯಕರ್ತೆಯರು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಗ್ರಾಮಸಭೆಗಳಲ್ಲಿ ತಿಳಿಗನ್ನಡದಲ್ಲಿ ಹೇಳಬೇಕು. ಅದಕ್ಕೆ ಬೇಕಾದ ತರಬೇತಿ, ಅನುದಾನ ಎರಡನ್ನೂ ಆರೋಗ್ಯ ಇಲಾಖೆ ಒದಗಿಸಬೇಕು.