ಎಷ್ಟು ಆಳ ಅಂತ ಕೇಳುವ ಮೊದಲು ಯಾವ ಮರಳು ಅಂತ ಕೇಳಿ

‘ಏನೋ ಅಳಿಯ, ಆ ಮಿಷನ್ನು ಎಷ್ಟಡಿ ಆಳದವರೆಗೂ ತೋರಿಸ್ತದೆ?’

ಚೆನ್ನೈನಲ್ಲಿ ನಾನು ಮೆಟಲ್ ಡಿಟೆಕ್ಟರ್ ಕೊಂಡ ಸುದ್ದಿ ತುಮಕೂರು ಕಡೆಯ ನಮ್ಮೂರಿಗೆ ಮುಟ್ಟಿದ ದಿನವೇ ಸೋದರಮಾವನ ಫೋನ್ ಬಂತು. ಅವರ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಅದರ ಕೆಳಗೆ ಕೊಪ್ಪರಿಗೆ ಇದೆ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆಫೀಸಿನ ಗೆಳೆಯರು ಕೇಳಿದ್ದೂ ಇದೇ ಪ್ರಶ್ನೆ. ಮಾರುವವರಿಗೂ ಇದು ಗೊತ್ತು. ಅದಕ್ಕೇ ಡಬ್ಬಿಯ ಮೇಲೆ ಆಳವನ್ನೇ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಸ್ವಂತ ದುಡ್ಡು ಕಳೆದುಕೊಂಡು ನಾನು ಕಲಿತದ್ದು ಇಷ್ಟು: ಈ ಯಂತ್ರ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಆಳದ್ದಲ್ಲ.

ನಾನು ಕೊಂಡದ್ದು ನಿಧಿಗಾಗಿ ಅಲ್ಲ, ಅಮ್ಮನ ಉಂಗುರಕ್ಕಾಗಿ. ಊರಿಂದ ಬಂದಿದ್ದ ಅಮ್ಮನನ್ನು ಬೆಸೆಂಟ್ ನಗರದ ಬೀಚಿಗೆ ಕರೆದೊಯ್ದಿದ್ದೆ. ಬೊಗಸೆಯಲ್ಲಿ ನೀರು ತುಂಬಿ ತಲೆಗೆ ಪ್ರೋಕ್ಷಿಸಿಕೊಂಡರು. ಮರಳಿ ನೋಡಿದರೆ ಬೆರಳು ಬರಿದು. ಅಪ್ಪ ಮಾಡಿಸಿಕೊಟ್ಟಿದ್ದ ಉಂಗುರ. ‘ಹೋಗ್ಲಿ ಬಿಡೋ ಮಗ’ ಅಂದರು. ಆದರೆ ರಾತ್ರಿ ಊಟ ಮಾಡಲಿಲ್ಲ.

ಅವತ್ತೇ ಆನ್‌ಲೈನಿನಲ್ಲಿ ಆರು ಸಾವಿರದ ಯಂತ್ರವೊಂದನ್ನು ತರಿಸಿದೆ. ಒಣ ಮರಳಿನಲ್ಲಿ ಸೋಡಾ ಮುಚ್ಚಳ, ಮೊಳೆ ಎಲ್ಲ ಹಿಡಿಯಿತು. ಅಲೆ ಬಡಿಯುವ ಕಡೆ ಹೋದೊಡನೆ ಒಂದೇ ಸಮ ಕಿರುಚತೊಡಗಿತು. ಕೆಟ್ಟಿದೆ ಅಂದುಕೊಂಡೆ. ಎಂ.ಟೆಕ್. ಓದಿದವನಿಗೆ ಮೊದಲೇ ಹೊಳೆಯಬೇಕಿತ್ತು. ಉಪ್ಪುನೀರು ವಿದ್ಯುತ್ ವಾಹಕ. ಯಂತ್ರದ ಕಾಯಿಲ್ ಹೊಮ್ಮಿಸುವ ಕಾಂತಕ್ಷೇತ್ರ ಲೋಹದಲ್ಲಿ ಸುಳಿಪ್ರವಾಹ ಎಬ್ಬಿಸುತ್ತದೆ, ಒದ್ದೆ ಮರಳಿನ ಉಪ್ಪಿನಲ್ಲೂ ಎಬ್ಬಿಸುತ್ತದೆ. ಒಂದೇ ಆವರ್ತನದ ಅಗ್ಗದ ಯಂತ್ರಕ್ಕೆ ಇಡೀ ತೀರವೇ ಲೋಹದಂತೆ ಕಾಣುತ್ತದೆ. ಸದ್ದಡಗಿಸಲು ಸೂಕ್ಷ್ಮತೆ ಇಳಿಸಿದರೆ ಉಂಗುರವೂ ಕೇಳಿಸುವುದಿಲ್ಲ.

ಇದಕ್ಕೆ ಪರಿಹಾರ ಎರಡು. ಒಂದು ಪಲ್ಸ್ ಇಂಡಕ್ಷನ್ ಯಂತ್ರ. ಇದು ಚಿಕ್ಕ ಚಿಕ್ಕ ಹೊಡೆತ ಕೊಟ್ಟು, ಮರುಧ್ವನಿ ಹೇಗೆ ಕುಗ್ಗುತ್ತದೆಂದು ಗಮನಿಸುತ್ತದೆ. ಉಪ್ಪಿನ ಮರುಧ್ವನಿ ಬೇಗ ಅಡಗುತ್ತದೆ, ಲೋಹದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ಆದರೆ ಇದಕ್ಕೆ ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಸರಿಯಾಗಿ ಗೊತ್ತಾಗದು. ಬೀಚಿನಲ್ಲಿ ಪರವಾಗಿಲ್ಲ, ಮರಳು ತೋಡುವುದು ಸುಲಭ. ಪಾರ್ಕಿನಲ್ಲಿ ಪ್ರತಿ ಮೊಳೆಗೂ ಹುಲ್ಲು ಕಿತ್ತರೆ ಮಾಲಿ ಸುಮ್ಮನಿರುತ್ತಾನೆಯೇ? ಎರಡನೆಯದು, ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ ಮಲ್ಟಿ ಫ್ರೀಕ್ವೆನ್ಸಿ ಯಂತ್ರ. ಉಪ್ಪಿನ ಪ್ರಭಾವವನ್ನು ಲೆಕ್ಕ ಹಾಕಿ ಕಳೆಯುತ್ತದೆ, ಲೋಹದ ಗುರುತನ್ನೂ ಹೇಳುತ್ತದೆ. ಬೀಚು, ಪಾರ್ಕು ಎರಡಕ್ಕೂ ಒಂದೇ ಯಂತ್ರ ಬೇಕಾದವರಿಗೆ ನನ್ನ ಸಲಹೆ ಇದೇ. ಬೆಲೆ ಹೆಚ್ಚು. ಆದರೆ ಮಂಗಳೂರು, ಮುಂಬೈ, ಚೆನ್ನೈಗಳಂಥ ಕಡಲೂರಿನಲ್ಲಿ ಇರುವವರಿಗೆ ಅಗ್ಗದ್ದೇ ದುಬಾರಿ. ಪಾರ್ಕಿಗಷ್ಟೇ ಸಾಕು ಅನ್ನುವ ಹೈದರಾಬಾದ್, ದೆಹಲಿಯವರಿಗೆ ಒಂದೇ ಆವರ್ತನದ್ದು ಧಾರಾಳ.

ಇನ್ನೊಂದು ಮಾತು. ಕಬ್ಬಿಣದ ಸದ್ದನ್ನು ಮುಚ್ಚಿಹಾಕುವ ಗುಂಡಿ ಹಲವು ಯಂತ್ರಗಳಲ್ಲಿ ಇರುತ್ತದೆ. ಹೊರದೇಶದವರು ಹೇಳಿದಂತೆ ಅದನ್ನು ಒತ್ತಿದರೆ ನಮಗೆ ನಷ್ಟ. ನಮ್ಮ ಈಗಿನ 1, 2 ರೂಪಾಯಿ ನಾಣ್ಯಗಳು ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಯಂತ್ರ ಅವನ್ನೂ ಕಬ್ಬಿಣದ ಲೆಕ್ಕಕ್ಕೆ ಸೇರಿಸಿಬಿಡಬಹುದು. ಸಣ್ಣ ಚಿನ್ನದ ಉಂಗುರ ಅಲ್ಯೂಮಿನಿಯಂ ಫಾಯಿಲಿನ ಅಂಕಿಯಲ್ಲೇ ಬರುತ್ತದೆ. ಫಾಯಿಲ್ ಬೇಡವೆಂದರೆ ಉಂಗುರವನ್ನೂ ಬೇಡವೆಂದಂತೆ. ತೆಳು ಸರವಂತೂ ಇನ್ನೂ ಕಷ್ಟ. ಸರ ಎಷ್ಟೇ ಉದ್ದವಿರಲಿ, ಯಂತ್ರಕ್ಕೆ ಕಾಣುವುದು ಒಂದೊಂದು ಪುಟ್ಟ ಕೊಂಡಿ. ಆದ್ದರಿಂದ ಎಲ್ಲ ಸದ್ದನ್ನೂ ಕೇಳಿಸುವ, ಅಂಕಿಯನ್ನೂ ತೋರಿಸುವ ಯಂತ್ರವನ್ನೇ ಆರಿಸಿ. ಕಾಯಿಲ್ ಅಷ್ಟೇ ಅಲ್ಲ, ಮೇಲಿನ ಪೆಟ್ಟಿಗೆಯೂ ನೀರು ತಡೆಯುತ್ತದೆಯೇ ಎಂದು ಕೇಳಿ. ಬೀಚಿಗೆ ತೂತಿನ ಸೌಟಿನಂಥ ಸ್ಕೂಪ್ ಬೇಕು. ಪಾರ್ಕಿಗೆ ಮೊದಲು ಅನುಮತಿ, ಆಮೇಲೆ ಸಣ್ಣ ಕಾಯಿಲ್, ತೋಡಲು ಕೈಸಲಿಕೆ. ತೋಡಿದ ಗುಂಡಿ ಮುಚ್ಚಿ ಬರಬೇಕು.

ಮಾವನಿಗೆ ಕೊಟ್ಟ ಉತ್ತರ: ‘ಉಂಗುರ, ನಾಣ್ಯದಷ್ಟು ವಸ್ತು ಆದ್ರೆ ಒಂದಡಿ ಸಿಕ್ಕರೆ ಹೆಚ್ಚು, ಮಾವ.’ ಆ ಕಡೆ ಫೋನಿನಲ್ಲಿ ಮೌನ. ಹತ್ತಾರು ಮೀಟರ್ ಆಳದ ಚಿನ್ನ ತೋರಿಸುತ್ತೇನೆನ್ನುವ ಕಡ್ಡಿ, ಆಂಟೆನಾಗಳೆಲ್ಲ ಮೋಸ. ಬಾಂಬ್ ಹುಡುಕುವ ಯಂತ್ರವೆಂದು ಖಾಲಿ ಆಂಟೆನಾ ಮಾರಿದ ವ್ಯಾಪಾರಿಯೊಬ್ಬನಿಗೆ ಬ್ರಿಟನ್ ನ್ಯಾಯಾಲಯ 2013ರಲ್ಲಿ 10 ವರ್ಷ ಶಿಕ್ಷೆ ಕೊಟ್ಟಿತು. ಇನ್ನು ಕಾನೂನು: 1878ರ ನಿಧಿ ಕಾಯ್ದೆಯಂತೆ ಮಣ್ಣಿನಲ್ಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಹಾಗಾಗಿ ಮಹಾಬಲಿಪುರದ ಕಡಲ ದೇವಾಲಯದ ಬಳಿ ನಾನು ಯಂತ್ರ ಹೊರತೆಗೆಯುವುದಿಲ್ಲ. ನಿಧಿಯಾಸೆಗೆ ಅಗೆದು ಹಾಳುಮಾಡಿದ ಗುಡಿ, ಕಿತ್ತು ಬಿಸಾಡಿದ ವೀರಗಲ್ಲುಗಳನ್ನು ನಮ್ಮ ಕಡೆ ಕಂಡವರಿಗೆ ಈ ಎಚ್ಚರಿಕೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಆ ಕಲ್ಲೇ ಊರಿನ ನಿಧಿ ಎಂದು ಮಾವನಿಗೆ ಹೇಳಿದೆ. ಒಪ್ಪಿದರೋ ಇಲ್ಲವೋ ಕಾಣೆ.

ವರ್ಷದ ಮೇಲೆ ದುಡ್ಡು ಕೂಡಿಸಿ ಮಲ್ಟಿ ಫ್ರೀಕ್ವೆನ್ಸಿ ಯಂತ್ರ ತಗೊಂಡೆ. ಅಮ್ಮನ ಉಂಗುರ ಸಿಗಲಿಲ್ಲ. ಅಷ್ಟರಲ್ಲಿ ಸಮುದ್ರ ಎಷ್ಟು ಸಲ ಮರಳು ಮಗುಚಿತ್ತೋ. ಆದರೆ ಒಂದು ಭಾನುವಾರ, ಉಂಗುರ ಕಳಕೊಂಡು ಅಳುತ್ತಿದ್ದ ಹೊಸ ಮದುಮಗಳೊಬ್ಬಳಿಗೆ ಇಪ್ಪತ್ತೇ ನಿಮಿಷದಲ್ಲಿ ಹುಡುಕಿಕೊಟ್ಟೆ. ಬಿದ್ದ ಕೂಡಲೇ, ಬಿದ್ದ ಜಾಗ ಗೊತ್ತಿರುವಾಗ ಹುಡುಕಬೇಕು. ಇದಕ್ಕಿಂತ ದೊಡ್ಡ ಗುಟ್ಟು ಯಾವ ಯಂತ್ರದಲ್ಲೂ ಇಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಒಳ್ಳೇದಾಯ್ತು ಬಿಡು’ ಅಂದರು. ಮೊನ್ನೆ ಮತ್ತೆ ಬಂದಿದ್ದರು. ನೀರಿಗಿಳಿಯುವ ಮೊದಲು ಕೈಯಲ್ಲಿದ್ದ ಬಳೆ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು.